ಕೊಳುಂಬು ಸೋಮುವಿನ ಕೋಡಿ

ಹಸಿ ಬಿದಿರಿಗೆ ಅಡ್ಡಪಟ್ಟಿ ಬಿಗಿಯುತ್ತಿದ್ದ ವೇಲುಸಾಮಿ ಹಲ್ಲಲ್ಲಿ ಕಚ್ಚಿದ್ದ ಹಗ್ಗ ಬಿಟ್ಟು ಮತ್ತೊಮ್ಮೆ ಬೀದಿಯ ತುದಿ ನೋಡಿದ. ಅಣ್ಣ ಸೋಮುವಿನ ಚಟ್ಟ ಕಟ್ಟುವ ಕೆಲಸ ಹನ್ನೆರಡಕ್ಕೇ ಮುಗಿದಿತ್ತು. ಈಗ ಒಂದೂವರೆ. ಕೈ ಖಾಲಿ ಬಿಟ್ಟರೆ ಯಾರಾದರೂ ಏನಾದರೂ ಕೇಳುತ್ತಾರೆಂದು ಹೆದರಿ, ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ಬಂದ್ನಾ?" ಜಗಲಿಯಿಂದ ಲಿಂಗಪ್ಪನ್ ಕೇಳಿದರು. ಕುಲದಲ್ಲಿ ಹಿರಿಯರು, ಸಾವಿನ ಮನೆಯ ಶಾಸ್ತ್ರಗಳನ್ನೆಲ್ಲ ಅವರೇ ನಿಂತು ಮಾಡಿಸುವುದು.

"ಇನ್ನೂ ಇಲ್ಲ, ಮಾಮ."

"ಇವತ್ತು ಮಂಗಳವಾರ. ಮೂರಕ್ಕೆ ರಾಗುಕಾಲ. ಅಷ್ಟರೊಳಗೆ ಎತ್ತಬೇಕು. ಆದ್ರೆ ಕೋಡಿ ಬೀಳ್ದೆ ನಾನು ಎತ್ತಕ್ ಬಿಡಲ್ಲ."

ಕೋಡಿ ಎಂದರೆ ಹೆಂಡತಿಯ ತವರಿನವರು ತಂದು ಹೆಣಕ್ಕೆ ಹೊದಿಸುವ ಹೊಸ ಬಟ್ಟೆ. ಅವಳಿಗೆ ಒಡಹುಟ್ಟಿದವನೊಬ್ಬ ಬದುಕಿದ್ದರೆ ಅವನ ಕೈಯಿಂದಲೇ ಆಗಬೇಕು. ಅದಿಲ್ಲದೆ ಗಂಡನನ್ನು ಎತ್ತಿದರೆ, ಇವಳಿಗೆ ಇನ್ನು ತವರಿಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಮೂವತ್ತು ದಾಟದ ರುಕ್ಮಣಿ ಒಳಗೆ ಗಂಡನ ತಲೆಯ ಬಳಿ ಕೂತು ಆ ಡಂಗುರಕ್ಕೇ ಕಾಯುತ್ತಿದ್ದಳು.

ಕರುಮತ್ತಂಪಟ್ಟಿಯ ಆ ಬೀದಿಯ ಪವರ್‌ಲೂಮುಗಳೆಲ್ಲ ಬೆಳಗಿನಿಂದ ನಿಂತಿದ್ದವು. ಬೇರೆ ದಿನವಾಗಿದ್ದರೆ ಲೂಮಿನ ಸದ್ದಿನಲ್ಲಿ ಮಾತುಗಳು ಮುಚ್ಚಿಹೋಗುತ್ತಿದ್ದವು. ಇವತ್ತು ಹೊರಗಿನ ಪಿಸುಮಾತೂ ಮನೆಯೊಳಕ್ಕೆ ನೆಟ್ಟಗೆ ಬರುತ್ತಿತ್ತು.

"ಪಾಪ, ಮೂವತ್ತೈದಕ್ಕೇ ಎದೆ ನೋವಾ? ಲೂಮ್ ಮುಂದೆನೇ ಕುಸಿದ್ನಂತೆ."

"ಕೊಳುಂಬಿಗೆ ಹೋಗಿ ಚೆಂಡಾಡಿದ ಮೈ ಅಲ್ವಾ?"

"ಏನಾಡ್ದ? ಆರ್ ತಿಂಗಳಿಗೆ ಅಂತ ಹೋದೋನು ನಲವತ್ತ್ ದಿನಕ್ಕೆ ವಾಪಸ್ ಬಂದ. ದೇವರಾಜನ್ ಹೋಗಿದ್ರೆ ಇವತ್ತು ಅವನ ಕತೆನೇ ಬೇರೆ. ಆ ಕೋಪಕ್ಕೇ ತಾನೆ ತಂಗಿ ಮನೆ ಹೊಸ್ತಿಲು ತುಳಿಯಲ್ಲ."

ರುಕ್ಮಣಿಯ ಪಕ್ಕದಲ್ಲಿದ್ದ ಅವಳ ತಾಯಿ ರಾಮಾತಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪೋತ್ತನೂರಿನಲ್ಲಿ ಮಗ ದೇವರಾಜನ್ ಹಾಕುವ ಅನ್ನ ಉಣ್ಣುವ ವಿಧವೆ. ನಿನ್ನೆ ಸಂಜೆ ಸುದ್ದಿ ಬಂದಾಗ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಮಗ "ನೀನು ಹೋಗು" ಎಂದಿದ್ದನೇ ಹೊರತು ತಾನು ಬರುತ್ತೇನೆಂದಿರಲಿಲ್ಲ. ಅಳಿಯ ಸತ್ತ ದುಃಖ ಅವಳಿಗೆ ಇದ್ದೇ ಇತ್ತು. ಅದಕ್ಕಿಂತ ಒಳಗೆ ಎಂಟು ವರ್ಷದಿಂದ ನುಂಗಿಕೊಂಡ ಒಂದು ಮಾತಿತ್ತು.

ಎರಡಕ್ಕೆ ವೇಲುಸಾಮಿ ಒಂದು ಹಳದಿ ಕೈಚೀಲ ಹಿಡಿದು ಓಡಿ ಬಂದ.

"ದೇವರಾಜಣ್ಣ ಬಂದವ್ರೆ. ರೋಡ್ ಮೇಲೆ ಟೀ ಅಂಗಡೀಲಿ ಕೂತವ್ರೆ. ಕೋಡಿ ಇದ್ರೊಳಗೆ ಐತಂತೆ, ನೀನೇ ಕೊಟ್ಬಿಡು, ನಾ ಒಳಕ್ ಬರಲ್ಲ ಅಂದ್ರು."

ಲಿಂಗಪ್ಪನ್ ಚೀಲವನ್ನು ಮುಟ್ಟಲೂ ಇಲ್ಲ. "ಪೋಸ್ಟ್‌ನಲ್ಲಿ ಕಳಿಸೋಕೆ ಇದೇನ್ ಕಡಿದಾಸಿಯಾ? ಅವನೇ ಬಂದು ಹೊದಿಸ್ಬೇಕು. ಇಲ್ದಿದ್ರೆ ತಂಗಿ ಬೇಡ ಅಂತ ಜನರ ಮುಂದೆ ಬಾಯ್ಬಿಟ್ಟು ಹೇಳ್ಲಿ."

ಕಡಿದಾಸಿ ಎಂದರೆ ಕಾಗದ. ಆ ಮಾತು ಕಿವಿಗೆ ಬಿದ್ದದ್ದೇ ರಾಮಾತಾಳ್ ಎದ್ದು ನಿಂತಳು. ಚೀಲವನ್ನು ವೇಲುಸಾಮಿಯ ಕೈಯಿಂದ ತೆಗೆದುಕೊಂಡು, ಹೆಂಗಸರು ಕರೆಯುತ್ತಿದ್ದರೂ ಕೇಳದೆ, ಗಂಡಸರ ನಡುವೆ ದಾರಿ ಮಾಡಿಕೊಂಡು ಬೀದಿಗಿಳಿದಳು.

*

ಎಂಬತ್ತನೇ ಇಸವಿಯಲ್ಲಿ ಕೊಳುಂಬಿನ, ಅಂದರೆ ಕೊಲಂಬೊದ, ಒಂದು ಫುಟ್‌ಬಾಲ್ ತಂಡ ಪೋತ್ತನೂರು ತಂಡದಿಂದ ಆರು ತಿಂಗಳಿಗೆ ಒಬ್ಬ ಮುಂಚೂಣಿ ಆಟಗಾರನನ್ನು ಎರವಲು ಕೇಳಿತ್ತು. ಕೇಳಿದ್ದು ದೇವರಾಜನ್‌ನನ್ನು. ಹೊರಡುವ ಹತ್ತು ದಿನ ಮುಂಚೆ ಅವನ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತು. ಕಾಮಾಲೆ. ತಂಡದವರು ಅವನ ಜೊತೆಗಾರ ಸೋಮಸುಂದರನನ್ನು ಕಳಿಸಿದರು.

ಸೋಮು ಕೆಟ್ಟ ಆಟಗಾರನಲ್ಲ. ಆದರೆ ಅವನು ಕಲಿತದ್ದು ಗಟ್ಟಿ ಕೆಮ್ಮಣ್ಣಿನ ಮೇಲೆ. ಅಲ್ಲಿ ಚೆಂಡು ಪುಟಿದು ಎದೆಗೆ ಬರುತ್ತಿತ್ತು. ಕೊಲಂಬೊದ ಒದ್ದೆ ಹುಲ್ಲಿನಲ್ಲಿ ಅದೇ ಚೆಂಡು ಕಾಲಡಿಯಲ್ಲೇ ಜಾರಿಹೋಗುತ್ತಿತ್ತು. ಮೂರು ಪಂದ್ಯ, ಒಟ್ಟು ಎಪ್ಪತ್ತು ನಿಮಿಷ, ಗೋಲು ಒಂದೂ ಇಲ್ಲ. ಮೂರನೆಯದರಲ್ಲಿ ಖಾಲಿ ಗೋಲಿನ ಮುಂದೆ ಅವನು ಮುಗ್ಗರಿಸಿ ಬಿದ್ದಾಗ ಜನ ಬೈಯಲಿಲ್ಲ, ನಕ್ಕರು. ಆ ನಗು ಅವನನ್ನು ಕೊಂದುಹಾಕಿತು.

ಅಂದು ಸಂಜೆ ಅವನೇ ತಂಡದ ಮೇನೇಜರನ ಬಳಿ ಹೋದ.

"ಸಾರ್, ನಾನು ನಿಮಗೆ ಬೇಕಾದವನಲ್ಲ. ಬೇಕಾದವನು ಊರಲ್ಲಿದ್ದಾನೆ. ಅವನಿಗೆ ಈಗ ವಾಸಿಯಾಗಿದೆ. ಕರೆಸಿಕೊಳ್ಳಿ, ನಾನು ಹೋಗ್ತೀನಿ," ಎಂದು ತಮಿಳಿನಲ್ಲಿ ಹೇಳಿದ.

ಮೇನೇಜರ್ ಯೋಚಿಸಿ ಒಪ್ಪಿದ. "ಹತ್ತನೇ ತಾರೀಖಿನೊಳಗೆ ಅವನಿಂದ ಉತ್ತರ ಬರಬೇಕು. ಬರದಿದ್ದರೆ ನಿಮ್ಮ ಊರಿನ ಸಹವಾಸವೇ ಬೇಡ."

ತಂತಿ ಹೊಡೆದರೆ ಎರಡು ದಿನದ ಕೆಲಸ. ಆದರೆ ಮನೆ ಬಾಗಿಲಿಗೆ ತಂತಿ ಬಂತೆಂದರೆ ಒಡೆಯುವ ಮೊದಲೇ ಅಳು ಶುರುವಾಗುತ್ತದೆಂದು ಸೋಮುವಿಗೆ ಗೊತ್ತಿತ್ತು. ರಾಮಾತಾಳ್ ಅತ್ತೆ ಹೆದರುತ್ತಾಳೆ, ಬೇಡ ಎಂದುಕೊಂಡ. ಮೈದಾನದ ಬೆಂಚಿನ ಮೇಲೆ ಕೂತು, ಬೂಟಿಗೆ ಮಸಿ ಹಚ್ಚುತ್ತಿದ್ದ ಕೈಯಲ್ಲೇ ಪೆನ್ನು ಹಿಡಿದು ಕಾಗದ ಬರೆದ. ಅವಸರದಲ್ಲಿ ಮಡಿಸಿ ಅಂಟಿಸಿದ. ಒಂದು ಮೂಲೆಗೆ ಹೆಬ್ಬೆರಳಿನ ಮಸಿ ದಪ್ಪಗೆ ಮೆತ್ತಿಕೊಂಡದ್ದನ್ನು ನೋಡಿದನೋ ಇಲ್ಲವೋ, ಅದೇ ದಿನ ಟಪಾಲಿಗೆ ಹಾಕಿದ.

*

ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ದೇವರಾಜನ್ ಒಬ್ಬನೇ ಕೂತಿದ್ದ. ರೈಲ್ವೆ ವರ್ಕ್‌ಶಾಪಿನ ಪಾಳಿ ಮುಗಿಸಿ ಹಾಗೇ ಬಂದಿರಬೇಕು, ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೆ ಗ್ರೀಸು ಹತ್ತಿತ್ತು. ಮುಂದಿನ ಟೀ ಕೆನೆಗಟ್ಟಿ ತಣ್ಣಗಾಗಿತ್ತು. ತಾಯಿಯ ಕೈಯಲ್ಲಿ ಚೀಲ ಕಂಡು ಅವನ ಮುಖ ಬಿಗಿಯಿತು.

"ನೀನ್ಯಾಕ್ ಬಂದೆ ಅವ್ವಾ?"

"ನಿನ್ ಕೈಲೇ ಆಗ್ಬೇಕಂತೆ."

"ಬಟ್ಟೆ ತಂದಿದೀನಿ. ತಂಗಿಗೆ ಕಮ್ಮಿ ಮಾಡಿಲ್ಲ. ಆದ್ರೆ ಅವನ ಮೈ ನಾನು ಮುಟ್ಟಲ್ಲ."

"ಹೆಣದ ಮೇಲೆ ಏನ್ ಕೋಪನೋ?"

"ಆಡಕ್ ಬರದೆ ವಾಪಸ್ ಬಂದ, ಅದಕ್ಕೆ ಕೋಪ ಇಲ್ಲ. ಯಾರಿಗಾದ್ರೂ ಆಗುತ್ತೆ. ಗ್ರೌಂಡ್‌ನಲ್ಲಿ ಎಲ್ಲರ ಮುಂದೆ ನನ್ ಭುಜದ ಮೇಲೆ ಕೈ ಹಾಕಿ, ಭಾವನ ಸಲಿಗೇಲಿ ಮಚ್ಚಾನ್ ಅಂತ ಕರೆದು, ನಿನ್ನ ಬಾ ಅಂತ ಕಡಿದಾಸಿ ಹಾಕಿದ್ನಲ್ಲ, ಯಾಕ್ ಬರ್ಲಿಲ್ಲ ಅಂದ ನೋಡು. ಆ ಸುಳ್ಳು ನನಗೆ ತಡೆಯಕ್ಕಾಗ್ಲಿಲ್ಲ. ಮನೆಗ್ ಕರ್ಕೊಂಡ್ ಬಂದು ನಿನ್ನೇ ಕೇಳ್ದೆ. ಕಡಿದಾಸಿ ಬಂತಾ ಅಂತ. ನೀನೇ ತಾನೆ ಇಲ್ಲ ಅಂದಿದ್ದು?"

ರಾಮಾತಾಳ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ರಸ್ತೆಯಲ್ಲಿ ನೂಲಿನ ಬೇಲು ಹೇರಿದ ಲಾರಿಯೊಂದು ಹೋಯಿತು. ಅದು ದೂರವಾಗುವವರೆಗೂ ಕಾದಳು.

"ಬಂದಿತ್ತು," ಎಂದಳು.

*

ಸೋಮು ಕೊಲಂಬೊದಲ್ಲಿದ್ದಾಗಲೇ ಎರಡೂ ಕಡೆಯ ಹಿರಿಯರು ಕೂತು ತಾಂಬೂಲ ಬದಲಾಯಿಸಿ ರುಕ್ಮಣಿಯನ್ನು ಅವನಿಗೆ ನಿಶ್ಚಯ ಮಾಡಿದ್ದರು. ಮರುದಿನ ಬೆಳಗ್ಗೆ ರಾಮಾತಾಳ್ ಒಬ್ಬಳೇ ಇದ್ದಳು. ಪೋಸ್ಟ್‌ಮ್ಯಾನ್ ಬಾಗಿಲ ಸಂದಿಯಿಂದ ಕಾಗದ ತೂರಿಸಿ ಹೋಗಿದ್ದ. ನೀಲಿ ಕಾಗದ, ಮೂಲೆಯಲ್ಲಿ ಕಪ್ಪು.

ಶುಭದ ಕಾಗದದ ಮೂಲೆಗೆ ಅರಿಸಿನ, ಸಾವಿನ ಕಾಗದದ ಮೂಲೆಗೆ ಮಸಿ. ಅಕ್ಷರ ಬಾರದವರಿಗೆ ಅಷ್ಟೇ ಓದು, ಅಷ್ಟು ಸಾಕು. ಸಾವಿನ ಕಾಗದವನ್ನು ಹೊಸ್ತಿಲ ಹೊರಗೇ ಯಾರಿಂದಲಾದರೂ ಓದಿಸಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಳ್ಳಬೇಕು. ಓದಿಸಿದರೆ ಸೂತಕ ಗೊತ್ತಾಗುತ್ತದೆ, ಗೊತ್ತಾದರೆ ನಿಶ್ಚಯಕ್ಕೆ ಅಪಶಕುನ. ಮಗಳ ಜಡೆಯಲ್ಲಿ ನಿಶ್ಚಯದ ಹೂವು ಇನ್ನೂ ಬಾಡಿರಲಿಲ್ಲ. ಸತ್ತವರು ಯಾರಾದರೇನು, ಬಾಯಿಮಾತಿನಲ್ಲಿ ತಿಳಿಯುತ್ತದೆ ಬಿಡು ಎಂದುಕೊಂಡು, ಓದಿಸದೆಯೇ ನಾಲ್ಕು ಚೂರು ಮಾಡಿ ಮೋರಿಗೆ ಹಾಕಿದಳು. ಸ್ನಾನ ಮಾಡಿ ಒಲೆ ಹಚ್ಚಿದಳು.

ವಾರ ಕಳೆದರೂ ಎಲ್ಲಿಂದಲೂ ಸಾವಿನ ಸುದ್ದಿ ಬರಲಿಲ್ಲ. ಇಪ್ಪತ್ತು ದಿನಕ್ಕೆ ಸೋಮು ಬಂದ. ಅಂಗಳದಲ್ಲಿ ನಿಂತು ಮಗ ಕೇಳಿದಾಗ ಅವಳಿಗೆ ಎಲ್ಲ ಒಂದೇ ಸಲ ಅರ್ಥವಾಯಿತು. ಮಗನ ಕಣ್ಣು ನೋಡಿ, ಇಲ್ಲ ಎಂದುಬಿಟ್ಟಳು. ಸೋಮು ಅವಳ ಮುಖವನ್ನೇ ನೋಡುತ್ತಿದ್ದವನು ತಲೆ ತಗ್ಗಿಸಿದ. ಅಂದಿನಿಂದ ಊರು ಅವನಿಗೆ ಕೊಳುಂಬು ಎಂದು ಅಡ್ಡಹೆಸರಿಟ್ಟಿತು. ದೇವರಾಜನ್ ಅವನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

*

ತಾಯಿ ಹೇಳಿ ಮುಗಿಸಿದಾಗ ದೇವರಾಜನ್ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

"ಅವನಿಗೆ ಗೊತ್ತಿತ್ತಾ?"

"ಮೊದಲ್ನೇ ದೀಪಾವಳಿಗೆ ಬಂದಾಗ ಅವನ ಕೈ ಹಿಡ್ಕೊಂಡು ಹೇಳ್ದೆ. ನಿನಗೂ ಹೇಳ್ಬಿಡ್ತೀನಿ ಅಂದೆ. ಬೇಡ ಅಂದ."

"ಯಾಕೆ?"

"ನನ್ ಮೇಲೆ ಕೋಪ ಇದ್ರೆ ಮಚ್ಚಾನ್ ದೂರ ಇರ್ತಾನೆ, ಅಷ್ಟೇ. ನಿಮ್ ಮೇಲೆ ಬಂದ್ರೆ ನೀವೆಲ್ಲಿಗ್ ಹೋಗ್ತೀರ ಅತ್ತೆ ಅಂದ."

ದೇವರಾಜನ್ ಎದ್ದ. ಎದ್ದವನು ರಸ್ತೆಯ ಆಚೆ ನೋಡುತ್ತ ನಿಂತ. ಅವನು ಬಸ್ಸಿನ ಕಡೆ ಹೋಗುತ್ತಾನೆಯೇ, ಮನೆಯ ಕಡೆಯೇ ಎಂದು ರಾಮಾತಾಳ್‌ಗೆ ತಿಳಿಯಲಿಲ್ಲ. ಟೀ ಅಂಗಡಿಯ ಗಡಿಯಾರದಲ್ಲಿ ಎರಡೂ ನಲವತ್ತು.

"ಎಂಟು ವರ್ಷ ಅವ್ವಾ," ಎಂದ ಅವನು. ಅವನ ದನಿ ಏರಲಿಲ್ಲ. "ದಿನಾ ನನಗೆ ಅನ್ನ ಬಡಿಸಿದ್ಯಲ್ಲ. ಒಂದ್ ದಿನ ಹೇಳಕ್ ಆಗ್ಲಿಲ್ವಾ?"

ಅವಳು ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು.

ಅವನು ಅವಳ ಮಡಿಲಿನಿಂದ ಚೀಲ ಎತ್ತಿಕೊಂಡ. "ನೀನು ರುಕ್ಮಣಿ ಜೊತೆ ಇಲ್ಲೇ ಇರು."

"ಎಷ್ಟ್ ದಿನಪ್ಪಾ?"

ಅವನು ಬೀದಿಯೊಳಕ್ಕೆ ನಡೆದ. ಅವಳಿಗಾಗಿ ನಿಲ್ಲಲಿಲ್ಲ. ಮುದುಕಿ ಹಿಂದೆ ಹಿಂದೆ ಬಂದಳು.

ಜನ ಸರಿದು ದಾರಿ ಬಿಟ್ಟರು. ರುಕ್ಮಣಿ ಅಣ್ಣನ ಕಾಲು ಕಂಡು ತಲೆ ಎತ್ತಿದಳು. ಬೆಳಗಿನಿಂದ ಕಲ್ಲಿನಂತೆ ಕೂತಿದ್ದವಳು ಈಗ ಬಿಕ್ಕಿದಳು. ಅವನು ಅವಳ ತಲೆ ಮುಟ್ಟಿ, ಹೆಣದ ಕಾಲ ಬಳಿ ಮಂಡಿಯೂರಿದ. ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದ ದಾರ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದ. ಆಮೇಲೆ ನೀರು ಕಾಣದ ಹೊಸ ಬಿಳಿ ಬಟ್ಟೆಯನ್ನು ಪಾದದಿಂದ ಎದೆಯವರೆಗೆ ಎಳೆದು ಹೊದಿಸಿದ.

"ಮಚ್ಚಾನ್," ಎಂದ. ಎಂಟು ವರ್ಷದ ಮೇಲೆ ಅವನ ಬಾಯಲ್ಲಿ ಬಂದದ್ದು ಅದೊಂದೇ ಮಾತು.

ಕೈ ತೆಗೆದಾಗ ಕೋಡಿಯ ಮೂಲೆಯಲ್ಲಿ ಗ್ರೀಸಿನ ಕಪ್ಪು ಹೆಬ್ಬೆರಳು ಮೂಡಿತ್ತು.

"ಕೈ ತೊಳ್ಕೊಂಡು ಮುಟ್ಟಬಾರ್ದಾ?" ಲಿಂಗಪ್ಪನ್ ಗೊಣಗಿದರು. "ಆ ಮೂಲೆ ಒಳಕ್ ಮಡಿಸು ವೇಲುಸಾಮಿ. ನೋಡಕ್ ಚೆನ್ನಾಗಿಲ್ಲ."

"ಬೇಡ," ಎಂದ ದೇವರಾಜನ್. "ಹಾಗೇ ಇರ್ಲಿ."

ಬಾಗಿಲ ಬಳಿ ನಿಂತಿದ್ದ ತಾಯಿಯ ಕಡೆ ಅವನು ತಿರುಗಲಿಲ್ಲ. ಅವಳು ಆ ಮೂಲೆಯನ್ನು ನೋಡಿದಳು, ಗೋಡೆ ಹಿಡಿದುಕೊಂಡಳು.

ಮೂರಕ್ಕೆ ಐದು ನಿಮಿಷವಿದ್ದಾಗ ಚಟ್ಟ ಎತ್ತಿದರು. ದೇವರಾಜನ್ ಕಾಲ ಕಡೆ ಹೆಗಲು ಕೊಟ್ಟ. ಸದ್ದಿಲ್ಲದ ಬೀದಿಯಲ್ಲಿ ಶಂಖ, ಜಾಗಟೆ ಹೊರಟವು. ತಿರುವಿನವರೆಗೂ ರಾಮಾತಾಳ್‌ಗೆ ಕಾಣುತ್ತಲೇ ಇತ್ತು: ಗಾಳಿಗೆ ಬಿಚ್ಚಿಕೊಂಡ ಕೋಡಿಯ ಮೂಲೆ, ಅದರ ಕಪ್ಪು ಗುರುತು, ಮಗನ ಕೆನ್ನೆಗೆ ಬಡಿಯುತ್ತಿತ್ತು. ಒಂದು ಕೈ ಖಾಲಿ ಇದ್ದರೂ ಅವನು ಅದನ್ನು ಸರಿಸುತ್ತಿರಲಿಲ್ಲ.