ಒಂದೇ ಪಾತಿಗೆ ಸುರಿದ ಬೀಜ

೧೯೪೪ರಲ್ಲಿ ನಾವು ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿದ್ದೆವು. ಯುದ್ಧದ ಕಾಲ. ಸೋಲ್ಜರುಗಳ ಮೆಸ್ಸಿಗೆ ಹೋಗಿ ಮಿಕ್ಕ ತರಕಾರಿಯಷ್ಟೇ ನಮ್ಮ ಪಾಲಿಗೆ. ಹಿತ್ತಿಲಿದ್ದವರೆಲ್ಲ ಏನಾದರೂ ಬೆಳೆದುಕೊಳ್ಳುತ್ತಿದ್ದರು.

ಅತ್ತೆ ರಾಮಲಕ್ಷ್ಮಮ್ಮ ಹೊರಮಾವಿನ ರೈತರ ಮನೆಯವರು. ಅವರ ಬಾಯಲ್ಲಿ ಸದಾ ಪಕ್ಕದ ಮನೆಯ ಪರ್ವೀನ್: ಅವಳ ಮೆಂತ್ಯ, ಅವಳ ಕೈಗುಣ. ಬಿ.ಎ. ಓದಿದ ಈ ಸೊಸೆಯ ಕೈಯನ್ನು ಒಂದು ದಿನವೂ ಹೊಗಳಿದವರಲ್ಲ. ಒಮ್ಮೆಯಾದರೂ ಅವರಿಂದ ‘ಭೇಷ್’ ಅನ್ನಿಸಿಕೊಳ್ಳಬೇಕೆಂದು ನನಗೆ ಹಟ.

ಊರಿಗೆ ಹೊರಡುವಾಗ ಅವರು ಟೊಮೇಟೊ ಬೀಜದ ಪೊಟ್ಟಣ ಕೊಟ್ಟು, “ಅರ್ಧ ಪರ್ವೀನ್‌ಗೆ ಕೊಡು” ಎಂದರು. ಉಳಿದರಲ್ಲವೇ ಕೊಡುವುದು? ಅಷ್ಟನ್ನೂ ಒಂದೇ ಪಾತಿಗೆ ಸುರಿದೆ. ಮೊಳಕೆ ಒತ್ತೊತ್ತಾಗಿ ಬಂದಾಗಲೂ ಒಂದನ್ನೂ ಕೀಳಲಿಲ್ಲ.

ತಿಂಗಳಾಯಿತು, ನಾಟಿ ಮಾಡುವ ಹೊತ್ತು ಬಂತು. ನನ್ನ ಸಸಿಗಳು ಬೆರಳುದ್ದವೂ ಇರಲಿಲ್ಲ. ದಾರದಂಥ ಕಾಂಡ, ಹಳದಿ ಎಲೆ. ಮೋಟುಗೋಡೆಯಾಚೆ ಪರ್ವೀನ್ ಕಳಿತ ಹಣ್ಣೊಂದನ್ನು ಹಿಂಡಿ ಬೀಜ ತೆಗೆದು ಬೆಳೆಸಿದ್ದ ಸಸಿಗಳು ಗೇಣುದ್ದ ನಿಂತಿದ್ದವು. ಬೆಳಗೆದ್ದರೆ ಅವನ್ನು ನೋಡಬೇಕು. ನನಗೆ ಕಾಫಿಯೇ ಕಹಿ.

ಅತ್ತೆ ಬಂದವರೇ ಹಿತ್ತಿಲಿಗೆ ಹೋದರು.

“ಇದೇನೇ ಶಾಂತಾ, ಟೊಮೇಟೊನೋ ದಂಟಿನ್ ಸೊಪ್ಪೋ?” ಆಮೇಲೆ ಗೋಡೆಯಾಚೆ ಕೈತೋರಿಸಿದರು. “ಅಲ್ನೋಡು, ಅದೂ ಅದೇ ಬೀಜ. ಶಾಂತಾ ಕೊಟ್ಟಿದ್ದು ತಾನೇ, ಪರ್ವೀನ್?”

ಬಟ್ಟೆ ಹರವುತ್ತಿದ್ದ ಪರ್ವೀನ್ ನನ್ನ ಪಾತಿ ನೋಡಿದಳು, ನನ್ನ ಮುಖ ನೋಡಿದಳು.

“ಹೂಂ ಅಮ್ಮ. ಅಕ್ಕ ಆವತ್ತೇ ಕೊಟ್ರು.”

ಬಚಾವಾದೆ ಅಂದುಕೊಳ್ಳುವಷ್ಟರಲ್ಲೇ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಸಸಿಯೂ ಅವಳದೇ ಚೆನ್ನ, ಈಗ ಒಳ್ಳೆಯತನವೂ ಅವಳದೇ!

“ಇಲ್ಲ ಅತ್ತೆ, ನಾನು ಕೊಡ್ಲೇ ಇಲ್ಲ. ಅವಳಿಗೆ ಸಿಗಬಾರ್ದು ಅಂತ ಎಲ್ಲಾ ಇಲ್ಲೇ ಹಾಕ್ದೆ.”

ಅತ್ತೆ ಪಾತಿಯ ಪಕ್ಕ ಕುಕ್ಕರಿಸಿ ಕೂತರು. “ಒಂದೇ ತಟ್ಟೆಗೆ ನೂರು ಜನ ಕೂತ್ರೆ ಯಾರ ಹೊಟ್ಟೆ ತುಂಬುತ್ತೆ? ನಿಮ್ಮ ಕಾಲೇಜಲ್ಲಿ ಇದನ್ನ ಹೇಳ್ಕೊಡಲಿಲ್ವಾ?”

“ಕಿತ್ತು ಬಿಸಾಕ್ತೀನಿ ಬಿಡಿ.”

“ಯಾಕಕ್ಕ ಬಿಸಾಕ್ತೀರ?” ಪರ್ವೀನ್ ಆಗಲೇ ಗೋಡೆ ದಾಟಿದ್ದಳು. “ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸೋಣ. ತುದಿ ಎಲೆ ಮಾತ್ರ ಕಾಣೋ ಹಂಗೆ ಆಳಕ್ಕೆ ನೆಡಿ. ಮಣ್ಣೊಳಗಿನ ಕಾಂಡದಲ್ಲೇ ಹೊಸ ಬೇರು ಬರುತ್ತೆ.”

“ಈಗಲಾದ್ರೂ ಅವಳಿಗೆ ಅರ್ಧ ಕೊಡು” ಎಂದರು ಅತ್ತೆ.

ಬಿಸಿಲು ಇಳಿದ ಮೇಲೆ ಮೂವರೂ ಬೇಸಿನ್ನಿನ ಸುತ್ತ ಕೂತೆವು. ಪಾಲು ಮಾಡುತ್ತಿದ್ದವಳು ಪರ್ವೀನ್. ಸ್ವಲ್ಪ ಹೊತ್ತಿನ ಮೇಲೆ ಕಂಡಿತು: ಗಟ್ಟಿಯಾದವನ್ನು ನನ್ನ ಮೊರಕ್ಕೆ ಹಾಕುತ್ತಿದ್ದಾಳೆ, ಸೊರಗಿದವನ್ನು ತನ್ನದಕ್ಕೆ. ಸದ್ದಿಲ್ಲದೆ, ತಲೆಯೆತ್ತದೆ.

ಈ ದೊಡ್ಡತನವನ್ನೂ ಅವಳಿಗೇ ಬಿಟ್ಟುಕೊಡುವುದೇ? ಅವಳ ಮೊರಕ್ಕೆ ಕೈಹಾಕಿ ತೀರಾ ಬಡಕಲಾದ ನಾಲ್ಕನ್ನು ಎತ್ತಿಕೊಂಡೆ.

“ಅಕ್ಕಾ, ಅವು ನಿಮ್ಹತ್ರ ಬದುಕಲ್ಲ.”

“ನಿನ್ ಹತ್ರ ಬದುಕುತ್ತಾ? ಹಂಗಾದ್ರೆ ನನ್ ಹತ್ರಾನೂ ಬದುಕುತ್ತೆ.”

ಅವಳು ಎರಡನ್ನು ವಾಪಸ್ಸು ಕಿತ್ತುಕೊಂಡಳು.

“ಜಗಳ ಆಮೇಲಾಡ್ರೇ,” ಅತ್ತೆ ಗದರಿದರು, “ಬೇರು ಒಣಗ್ತಿದೆ.”