ಬಾವಿ ಪಕ್ಕದ ಮರದ ಕಾಯಿ

ಶಿವರಾತ್ರಿ ಕಳೆದರೆ ಅರಳಗುಪ್ಪೆಯ ನಿಂಗಮ್ಮನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ತೆಂಗಿನ ಪಾತಿ ಬಿಡಿಸಬೇಕು, ಕೆರೆಯ ಗೋಡುಮಣ್ಣು ಹಾಕಬೇಕು, ಬಿಸಿಲಿಗೆ ಬುಡ ಕಾಯದಂತೆ ಮಟ್ಟೆ ಹಾಸಬೇಕು, ಬೀಜಕ್ಕೆ ಕಾಯಿ ಆರಿಸಬೇಕು. ಈ ವರ್ಷ ಮಂಡಿನೋವು ಅವಳನ್ನು ಜಗಲಿಗೆ ಕಟ್ಟಿಹಾಕಿತ್ತು. ಹಾಗಾಗಿ ಮಾಡುವುದೆಲ್ಲ ಸೊಸೆ ಅನಿತಾಳ ಪಾಲಿಗೆ, ಹೇಳುವುದೆಲ್ಲ ನಿಂಗಮ್ಮನ ಪಾಲಿಗೆ ಬಂತು.

ಅನಿತಾ ಈ ಮನೆಗೆ ಬಂದು ಆರು ತಿಂಗಳು. ಚಿಕ್ಕನಾಯಕನಹಳ್ಳಿ ಪೇಟೆಯಲ್ಲಿ ಬೆಳೆದವಳು. ಅಲ್ಲಿ ಅವಳ ತೋಟವೆಂದರೆ ಟೆರೇಸಿನ ಎರಡು ಗುಲಾಬಿ ಕುಂಡ. ಮಾತು ಕಡಿಮೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು, ಅರ್ಥವಾಗದ್ದಕ್ಕೂ.

"ಬುಡಕ್ಕೇ ಗುದ್ದಲಿ ಹಾಕಬ್ಯಾಡ ಕಣವ್ವ, ಬೇರಿಗೆ ಏಟಾಯ್ತದೆ. ದೂರ ಸರಿ. ಇನ್ನೂ ದೂರ. ಅಯ್ಯೋ, ಪಕ್ಕದ ಮರಕ್ಕೇ ಹೋಗ್ಬುಟ್ಯಲ್ಲ!"

ಬಾವಿ ಪಕ್ಕದ ಮರವೊಂದರ ಕಾಂಡದಿಂದ ವರ್ಷದಿಂದ ಕಂದು ರಸ ಸೋರುತ್ತಿತ್ತು. ಯಾವ ಔಷಧಿಗೂ ನಿಲ್ಲದೆ ಸುಳಿಯೇ ಬಾಡಿತ್ತು. ನಿಂಗಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು ಅದು. ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಉಳಿಸಿದ್ದಳು. ಅದರ ಕೊನೆಯ ಎರಡು ಗೊನೆಗಳನ್ನು ಮರ ಹತ್ತುವ ಕೆಂಚಪ್ಪ ಕೆಳಕ್ಕೆ ಬೀಳಿಸದೆ, ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿಕೊಟ್ಟ. ಒಟ್ಟು ಹದಿನೆಂಟು ಕಾಯಿ. ಒಂದು ತಿಂಗಳು ನೆರಳಲ್ಲಿಟ್ಟು ಆಮೇಲೆ ಒಟ್ಲುಪಾತಿಯಲ್ಲಿ ಹೂತರೆ ಸಸಿಯಾಗುತ್ತವೆ. ಆ ಮರದ ವಂಶ ಉಳಿಯಲು ಬೇರೆ ದಾರಿಯಿರಲಿಲ್ಲ.

ಮಾರನೆಯ ದಿನ ಅನಿತಾಳ ಗಂಡ ತಿಲಕ್ ತಾಯಿಯನ್ನು ತಿಪಟೂರಿನ ಡಾಕ್ಟರ ಬಳಿ ಕರೆದೊಯ್ದಿದ್ದಾಗ ಮೋಡ ಕವಿಯಿತು. ಕೊಬ್ಬರಿಗೆಂದು ಅಂಗಳದಲ್ಲಿ ರಾಶಿ ಹಾಕಿದ್ದ ಕಾಯಿಗಳನ್ನು ಅನಿತಾ ಒಬ್ಬಳೇ ಅಟ್ಟಕ್ಕೆ ಎಸೆದಳು. ಹುಣಸೆಮರದ ನೆರಳಲ್ಲಿಟ್ಟಿದ್ದ ಆ ಹದಿನೆಂಟನ್ನೂ ಯೋಚಿಸದೆ ಅದೇ ಬಿರುಸಿನಲ್ಲಿ ಎಸೆದುಬಿಟ್ಟಳು. ಅತ್ತೆ ಬಂದು 'ಪರವಾಗಿಲ್ವೇ' ಎಂದಾರು ಎಂಬ ಆಸೆ.

ಸಂಜೆ ಕಾಫಿ ಕುಡಿಯುತ್ತಾ ನಿಂಗಮ್ಮ ಕೇಳಿದಳು: "ಬೀಜದ ಕಾಯಿ ನೆರಳಲ್ಲೇ ಅವೆ ತಾನೆ?"

ಹುಣಸೆಯಡಿ ಇದ್ದವು ಬೀಜದ ಕಾಯಿ ಎಂಬುದು ಅನಿತಾಳಿಗೆ ಆಗ ಹೊಳೆಯಿತು. ಆದರೂ ತಲೆಯಾಡಿಸಿದಳು.

ಅಟ್ಟದಲ್ಲಿ ಎರಡು ಸಾವಿರ ಕಾಯಿ ಬೆರೆತುಹೋಗಿದ್ದವು. ಬೆಳಿಗ್ಗೆ ಯಾರೂ ಕಾಣದಂತೆ ಹತ್ತಿ, ದುಂಡಗೆ ಚೆನ್ನಾಗಿ ಕಂಡ ಹದಿನೆಂಟನ್ನು ತಂದು ಹುಣಸೆಯಡಿ ಗೋಣಿ ಮುಚ್ಚಿಟ್ಟಳು. ಸಸಿ ಬೆಳೆದು ಗೊನೆ ಬಿಡಲು ಏಳೆಂಟು ವರ್ಷ. ಅಲ್ಲಿಯವರೆಗೆ ಯಾರಿಗೆ ಗೊತ್ತಾಗುತ್ತದೆ?

ಯುಗಾದಿ ಕಳೆದ ಮೇಲೆ ಒಟ್ಲುಪಾತಿ ಸಿದ್ಧವಾಯಿತು. ಅನಿತಾ ಎರಡು ಕಾಯಿ ಹೂತಳು. ನಿಂಗಮ್ಮ ಜಗಲಿಯಿಂದಲೇ ಹಂಚಿಕೆ ಶುರುಮಾಡಿದಳು. "ಒಂದ್ನ ಬಾವಿ ತಾವೇ ನೆಡಾಣ. ಎರಡು ಹುಳಿಯಾರಲ್ಲಿರೋ ನನ್ ತಂಗಿ ಪುಟ್ಟಗಂಗಂಗೆ. ಒಂದು ನಿಂದು. ನಿನ್ ಸೊಸೆ ಬರೋ ಹೊತ್ಗೆ ಗೊನೆ ತೂಗ್ತಿರ್ತದೆ ನೋಡು."

ಮೂರನೆಯ ಕಾಯಿ ಅನಿತಾಳ ಕೈಯಲ್ಲೇ ಉಳಿಯಿತು.

"ಅದ್ಯಾಕೆ ಹಂಗ್ ನಿಂತ್ಕಂಡೆ? ಗೆದ್ದಲು ಹತ್ತೀತು!"

"ಅತ್ತೆ... ಇವು ಆ ಮರದ್ದಲ್ಲ." ಅಟ್ಟಕ್ಕೆ ಎಸೆದದ್ದು, ಬೇರೆ ತಂದಿಟ್ಟದ್ದು, ಎಲ್ಲವನ್ನೂ ಹೇಳಿದಳು.

ನಿಂಗಮ್ಮ ಬಾವಿ ಕಡೆಗೊಮ್ಮೆ ನೋಡಿದಳು. ಆಮೇಲೆ ಸಿಡಿದಳು. "ತಿಂಗಳಿಂದ ತಲೆ ಆಡಿಸ್ಕಂಡು ಓಡಾಡಿದ್ಯಲ್ಲೇ! ಬಾಯಲ್ಲೇನು ಮಟ್ಟೆ ತುರುಕ್ಕಂಡಿದ್ದಾ?"

ಅನಿತಾಳ ಕಣ್ಣೀರು ಹರಿಯಿತು.

"ಅಳಾದು ಆಮ್ಯಾಕೆ ಅಳೀವಂತೆ. ಅಟ್ಟ ಹತ್ತು ಮೊದ್ಲು."

ಮೊಬೈಲ್ ಟಾರ್ಚ್ ಹಿಡಿದು ಅನಿತಾ ಮೇಲೆ, ಏಣಿಯ ಬುಡದಲ್ಲಿ ಮಣೆ ಹಾಕಿಕೊಂಡು ನಿಂಗಮ್ಮ ಕೆಳಗೆ. ಕುಕ್ಕೆಗೆ ಹಗ್ಗ ಕಟ್ಟಿ ಐದೈದೇ ಕಾಯಿ ಇಳಿದವು. "ಇದಲ್ಲ. ಇದೂ ಅಲ್ಲ. ಇದು ಬೇಲಿ ಮರದ್ದು. ಮೂತಿ ನೋಡು, ನಮ್ಮ ಮೈದುನ ಸಣ್ಣತಿಮ್ಮಯ್ಯನಂಗೇ ಊದ್ಕಂಡದೆ." ಅಳುತ್ತಿದ್ದ ಅನಿತಾ ಅಟ್ಟದಲ್ಲಿ ಕಿಸಕ್ಕನೆ ನಕ್ಕಳು. ನಗು ಕೆಳಕ್ಕೂ ಕೇಳಿಸಿತು. ನಿಂಗಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ಸಿಕ್ಕಿತು. ನಿಂಗಮ್ಮ ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳಿದಳು. "ಇನ್ನೂ ಜೀವ ಅದೆ. ಇಳಿದು ಬಾ ಇಲ್ಲಿ, ಕೈಯಿಟ್ಟು ನೋಡು. ಉದ್ದುದ್ದ ಅದಲ್ವಾ? ಮೂರು ಏಣು. ತೊಟ್ಟಿನ ತಾವ ಹೆಬ್ಬೆಟ್ಟು ಒತ್ತಿದಂಗೆ ಒಂದು ತಗ್ಗು."

ಆಮೇಲೆ ಅನಿತಾ ಮೇಲೆಯೇ ಕತ್ತಲಲ್ಲಿ ಬೆರಳಾಡಿಸಿ ಆರಿಸತೊಡಗಿದಳು. ಎರಡು ದಿನದಲ್ಲಿ ಹದಿನಾಲ್ಕು ಸಿಕ್ಕವು. ಮೂರನೆಯ ದಿನ ಸಂಜೆ ಕೊನೆಯ ಕುಕ್ಕೆಯಿಂದ ನಿಂಗಮ್ಮ ಒಂದನ್ನು ಎತ್ತಿಕೊಂಡು ಹೊರಳಿಸಿ ಹೊರಳಿಸಿ ನೋಡಿದಳು.

"ಇದೂ ಅದೇ ಬುಡು. ಹದಿನೈದಾಯ್ತು."

ಅನಿತಾ ಇಳಿದು ಬಂದು ತೊಟ್ಟಿನ ಬಳಿ ಹೆಬ್ಬೆರಳಿಟ್ಟಳು. ತಗ್ಗಿರಲಿಲ್ಲ. ಅತ್ತೆಯ ಮುಖದಲ್ಲಿ ಅದು ಅದೇ ಆಗಿರಲಿ ಎಂಬ ಆಸೆ ಎಷ್ಟಿತ್ತೆಂದರೆ, ಬಾಯಿ ತೆರೆಯಲು ಅವಳಿಗೆ ಕಷ್ಟವಾಯಿತು.

"ಅಲ್ಲ ಅತ್ತೆ. ಇದು ಬೇರೆ ಮರದ್ದು."

ನಿಂಗಮ್ಮ ಇಸಿದುಕೊಂಡು ಮತ್ತೊಮ್ಮೆ ಸವರಿ ನೋಡಿದಳು. ಉಸಿರುಬಿಟ್ಟು, ಅದನ್ನು ಕೊಬ್ಬರಿ ಕಾಯಿಗಳ ಕಡೆ ಉರುಳಿಸಿದಳು.

"ಹೂಂ ಕಣೇ, ಬೇರೇದೇ. ಹದಿನಾಲ್ಕೇ ಸೈ. ಬೆಳಕಿರಂಗೇ ಹೂಳಾಣ ನಡಿ. ನನ್ ಕೈ ಹಿಡ್ಕೋ, ನಾನೂ ಬತ್ತೀನಿ."