ಮೇಣದಬತ್ತಿಯ ಜಾಡಿ

ಮಣ್ಣು ಮುಗಿಸಿ ಬಂದವರಿಗೆ ನಾದಿನಿ ಕಾಫಿ ಹಂಚುತ್ತಿದ್ದಾಗ, ಮೂಲೆಯಲ್ಲಿದ್ದ ಲ್ಯಾಬಿನ ಹುಡುಗಿ ಮೂರನೇ ಸಲ ಗಡಿಯಾರ ನೋಡಿದಳು. ಗೋಡೆಗೊರಗಿ ಕೂತಿದ್ದ ಸತ್ತವರ ಹೆಂಡತಿ ಮೂರು ಸಲವೂ ಅದನ್ನು ಗಮನಿಸಿದ್ದಳು.

"ಹೋಗ್ಬೇಕೇನಮ್ಮಾ?"

ಹುಡುಗಿ ತಲೆ ತಗ್ಗಿಸಿದಳು. "ಸರ್ ಸೋಮವಾರ ಲ್ಯಾಬಲ್ಲಿ ಒಂದು ಗಾಜಿನ ತಟ್ಟೆ ಇಟ್ಟಿದ್ರು ಅಮ್ಮ. ಇವತ್ತು ನಾಲ್ಕಕ್ಕೆ ಅದನ್ನ ನೋಡಿ, ಆಹಾರದ ನೀರು ಬದಲಾಯಿಸ್ಬೇಕು. ತಪ್ಪಿದ್ರೆ ಒಳಗಿರೋದೆಲ್ಲ ಸತ್ತೋಗುತ್ತೆ."

"ಆ ಮಲೇರಿಯಾ ಹುಳಾನಾ?"

"ಹುಳಾನೂ, ಅದನ್ನ ತಿನ್ನೋ ಬಿಳಿ ರಕ್ತಕಣಾನೂ." ಹುಡುಗಿ ತಡೆದು ಹೇಳಿದಳು, "ಬಿಳಿ ಕಣ ಸರ್‌ದೇ. ಯಾವಾಗ್ಲೂ ಅವರ ರಕ್ತಾನೇ ಕೊಡ್ತಿದ್ರು."

ಸೋಮವಾರ ಸಂಜೆ ಗಂಡ ಮೊಣಕೈ ಮಡಚಿನಲ್ಲಿ ಹತ್ತಿ ಅಂಟಿಸಿಕೊಂಡು ಬಂದದ್ದು, ತಾನು ಬೈದದ್ದು ಆಕೆಗೆ ನೆನಪಾಯಿತು. ಮಂಗಳವಾರ ಬೆಳಗ್ಗೆ ಎಬ್ಬಿಸಹೋದರೆ ಅವರು ಏಳಲಿಲ್ಲ.

*

ಮೂವತ್ತು ವರ್ಷ, ಭಾನುವಾರವೂ ಬಿಡದೆ, ಅವರು ಆ ಹುಳಗಳಿಗೆ ಉಣಿಸಲು ಹೋಗುತ್ತಿದ್ದರು. ಬೀದಿಯವರು ಅವರನ್ನು ಹುಳದಯ್ಯ ಎಂದೇ ಕರೆದರು. "ಹಾವಿಗೆ ಹಾಲೆರೆಯೋದು ಅಂದ್ರೆ ಇದೇ," ಎಂದು ಆಕೆ ರೇಗಿಸಿದರೆ, "ಸಾಕಿದ್ರೆ ತಾನೇ ಕೊಲ್ಲೋದು ಹೇಗಂತ ಗೊತ್ತಾಗೋದು," ಎನ್ನುತ್ತಿದ್ದರು.

ಕರೆಂಟು ಹೋಗಿ ಬಂದಾಗ ಎಲ್ಲರಂತೆ ಮೇಣದಬತ್ತಿಯನ್ನು ಉಫ್ ಎಂದು ಊದುವ ಆಸಾಮಿಯಲ್ಲ. ಅದರ ಮೇಲೆ ಗಾಜಿನ ಜಾಡಿ ಕವುಚಿ, ಒಂದು ಬದಿ ಚೂರು ಎತ್ತಿ ಹಿಡಿದು ಹೆಂಡತಿಯನ್ನು ಕರೆಯುತ್ತಿದ್ದರು.

"ನಮ್ಮ ಹುಳಕ್ಕೆ ಗಾಳಿ ಜಾಸ್ತಿಯಾದ್ರೆ ಆಗಲ್ಲ ಕಣೇ. ಅದಕ್ಕೇ ಲ್ಯಾಬಲ್ಲಿ ಜಾಡಿಯೊಳಗೆ ಬತ್ತಿ ಉರಿಸಿ ಮುಚ್ಚೋದು. ನೆಟ್ಟಗೆ ಉರೀವಾಗ ಮುಚ್ಚಿದ್ರೆ ಅವಸರ, ಆರಿದ ಮೇಲೆ ಮುಚ್ಚಿದ್ರೆ ತಡ. ಉರಿ ನೀಲಿಯಾಗಿ ಬತ್ತಿ ಬಿಟ್ಟು ಏಳುತ್ತಲ್ಲ, ಆವಾಗ."

"ನನಗ್ಯಾಕ್ರೀ ಇದೆಲ್ಲ? ಒಲೆ ಮೇಲೆ ಹಾಲಿದೆ."

"ಯಾರಿಗಾದ್ರೂ ಗೊತ್ತಿರಲಿ."

*

ಆಕೆ ಚಪ್ಪಲಿ ಮೆಟ್ಟಿದ್ದನ್ನು ನೋಡಿ ನಾದಿನಿ ಬಾಗಿಲಿಗೆ ಅಡ್ಡ ಬಂದಳು. "ಅತ್ತಿಗೆ, ಮಣ್ಣು ಮಾಡಿ ಎರಡು ಗಂಟೆ ಆಗಿಲ್ಲ. ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಬಿಡು. ನಿಮ್ಮಣ್ಣ ಅಲ್ಲಿನ್ನೂ ಒಂಚೂರು ಇದಾರಂತೆ."

ನಾದಿನಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಆಕೆಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ರಾಗಿ ಚೆಲ್ಲಿದಂತೆ ಕಣಗಳು, ನಡುವೆ ಮಸುಕಾದ, ಆಕಾರವಿಲ್ಲದ ಒಂದು. ಅದು ಮೆಲ್ಲಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು.

"ಅದೇ ಅಮ್ಮ, ಸರ್‌ದು. ಒಳಗೆ ಕಪ್ಪು ಚುಕ್ಕೆ ಇದೆಯಲ್ಲ, ಹುಳಾನ ತಿಂದಿದೆ."

"ಮನೇಲಿ ಒಂದು ತುತ್ತು ಹೆಚ್ಚು ಬಡಿಸಿದ್ರೆ ಗೊಣಗ್ತಿದ್ರು," ಎಂದಳು ಆಕೆ. ಅಲ್ಲಿಯವರೆಗೂ ಬಾರದ ಅಳು ಆಗ ಬಂತು. ಹುಡುಗಿ ಆಕೆಯ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಕಣಗಳ ಎಣಿಕೆ ಮುಗಿಯಿತು. ನೀರು ಬದಲಾಯಿಸಿ ಹುಡುಗಿ ತಟ್ಟೆಯನ್ನು ಗಾಜಿನ ಜಾಡಿಯಲ್ಲಿಟ್ಟಳು. ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ, ಮುಚ್ಚಳವಿಟ್ಟು, ಗಾಳಿ ಹೋಗಲು ಅದರಲ್ಲಿದ್ದ ನಲ್ಲಿಯ ಮೇಲೆ ಬೆರಳಿಟ್ಟಳು.

"ಇದೊಂದು ನನಗೆ ಕೈಗೂಡಲ್ಲ ಅಮ್ಮ. ಎರಡು ಸಲ ಅವಸರ ಮಾಡಿ ಎಲ್ಲಾ ಸಾಯಿಸಿದೀನಿ. ಆಮೇಲಿಂದ ಸರ್ ಪಕ್ಕದಲ್ಲೇ ನಿಂತು ಯಾವಾಗ ಮುಚ್ಚೋದಂತ ಹೇಳ್ತಿದ್ರು."

ಆಕೆ ಮೂಗು ಒರೆಸಿಕೊಂಡು ಗಾಜಿನ ಹತ್ತಿರಕ್ಕೆ ಬಗ್ಗಿದಳು. ಉರಿ ಸಣ್ಣಗಾಯಿತು. ಹುಡುಗಿ ಆಕೆಯ ಮುಖ ನೋಡಿದಳು. ಆಕೆ ಇನ್ನೂ ಇಲ್ಲವೆಂದು ತಲೆಯಾಡಿಸಿದಳು. ಉರಿ ನೀಲಿಯಾಯಿತು, ಬತ್ತಿ ಬಿಟ್ಟು ಎದ್ದಿತು.

"ಈಗ."

ಹುಡುಗಿ ನಲ್ಲಿ ತಿರುಗಿಸಿ ಮುಚ್ಚಿದಳು. ಉರಿ ಆರಿತು. ಬತ್ತಿಯಿಂದ ಒಂದೆಳೆ ಹೊಗೆ ಎದ್ದು, ಹೊರಗೆ ಹೋಗಲು ದಾರಿಯಿಲ್ಲದೆ, ಮೆಲ್ಲಗೆ ಬಳುಕಿ ತಟ್ಟೆಯ ಮೇಲೆಯೇ ನಿಂತಿತು.